ಅತ್ತೆಯ ಜೊತೆ ಲಿಸ್ಬನ್ ನೋಡಿದ್ದು

ನಮ್ಮತ್ತೆಯ ಜೊತೆ ಮನೆಯಿಂದ ಹೊರಗೆ ಕಾಲಿಟ್ಟರೆ ಸಾಕು, ಏನಾದರೊಂದು ಆಗಿಯೇ ಆಗುತ್ತೆ. ಗ್ರೋಸರಿ ಅಂಗಡಿಗೆ ಹೋದರೂ ಆಗುತ್ತೆ, ಲೈಬ್ರರಿಗೆ ಹೋದರೂ ಆಗುತ್ತೆ. ಇನ್ನು ಅವರನ್ನು ಕರೆದುಕೊಂಡು ನಾವಿರುವ ಅಮೆರಿಕದ ಮೌಂಟನ್ ವ್ಯೂನಿಂದ ಲಿಸ್ಬನ್ನಿಗೆ ಹೋದರೆ ಆಗದೆ ಇರುತ್ತಾ?

ಯಾರು ಯಾರು ಅಂತ ಮೊದಲೇ ಹೇಳಿಬಿಡುತ್ತೇನೆ. ನಾನು ಮಂಡ್ಯದವನು, ಹತ್ತಿರದ ರೆಡ್‌ವುಡ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ. ಹೆಂಡತಿ ಧಾರವಾಡದವಳು. ಹನ್ನೊಂದು ವರ್ಷದ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅತ್ತೆ ಧಾರವಾಡದ ಕನ್ನಡ ಶಾಲೆಯೊಂದರಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿ ರಿಟೈರ್ ಆದವರು, ಆರು ತಿಂಗಳಿಗೆ ಅಂತ ನಮ್ಮ ಮನೆಗೆ ಬಂದಿದ್ದರು.

೧. ಅಲ್ಲಿ ಅಂವ ಇದ್ದಾನ

ಮಗಳ ಶಾಲೆಗೆ ರಜ ಬಂದ ಕೂಡಲೇ ಯುರೋಪಿಗೆ ಹೋಗೋದು ಅಂತ ತೀರ್ಮಾನವಾಗಿತ್ತು. ಯಾವ ಊರಿಗೆ ಅನ್ನೋದು ಮಾತ್ರ ಬಾಕಿ. ಆಫೀಸಿನ ಯಾವ ಕೆಲಸಕ್ಕೂ ತೋರಿಸದ ಶ್ರದ್ಧೆಯಿಂದ ನಾನೊಂದು ಸ್ಪ್ರೆಡ್‌ಶೀಟು ಮಾಡಿದೆ. ಪ್ಯಾರಿಸ್ಸು, ರೋಮು, ವಿಯೆನ್ನಾ, ಪ್ರಾಗು. ಒಂದೊಂದು ಊರಿಗೆ ಒಂದೊಂದು ಬಣ್ಣ. ನೋಡಲೇಬೇಕಾದ ಜಾಗಗಳು, ನೋಡಿದರೆ ಒಳ್ಳೇದು ಅನ್ನುವ ಜಾಗಗಳು, ಕಾಲು ನೋವಿದ್ದರೆ ಬಿಡಬಹುದಾದ ಜಾಗಗಳು. ಭಾನುವಾರ ತಿಂಡಿಯಾದ ಮೇಲೆ ಲ್ಯಾಪ್‌ಟಾಪು ಮೇಜಿನ ಮೇಲಿಟ್ಟು ಎಲ್ಲರಿಗೂ ತೋರಿಸಿದೆ.

ಹೆಂಡತಿ ಪ್ಯಾರಿಸ್ ಅಂದಳು. ಮಗಳು, ಪಿಜ್ಜಾ ಎಲ್ಲಿ ಚೆನ್ನಾಗಿರುತ್ತೋ ಅಲ್ಲಿಗೆ ಅಂದಳು. ಅತ್ತೆ ಕನ್ನಡಕ ಸರಿಮಾಡಿಕೊಂಡು ಪಟ್ಟಿಯನ್ನು ಉತ್ತರಪತ್ರಿಕೆ ತಿದ್ದುವ ಹಾಗೆ ಮೇಲಿಂದ ಕೆಳಗಿನವರೆಗೆ ಓದಿದರು.

"ಇದರಾಗ ಲಿಸ್ಬನ್ ಇಲ್ಲಲ್ರೀ, ಅಳಿಯಂದ್ರ?"

"ಲಿಸ್ಬನ್ನಾ? ಅಲ್ಲೇನಿದೆ ಅತ್ತೆ?"

"ಅಲ್ಲಿ ಅಂವ ಇದ್ದಾನ."

ನಾನು ಹೆಂಡತಿಯ ಮುಖ ನೋಡಿದೆ. ಅವಳು ತನ್ನ ಅವ್ವನ ಮುಖ ನೋಡಿದಳು. ಅರವತ್ತೆಂಟು ವರ್ಷದ ಹೆಂಗಸಿಗೆ ಲಿಸ್ಬನ್ನಿನಲ್ಲಿ ಯಾರಪ್ಪಾ?

"ಯಾರವ್ವಾ ಅಂವ?"

"ಅದ ಹಡಗಿನಾಂವ. ಸಾವಿರದ ನಾನೂರಾ ತೊಂಬತ್ತೆಂಟರಾಗ ಕಲ್ಲಿಕೋಟಿಗೆ ಬಂದಾಂವ. ಪುಸ್ತಕದಾಗ ಗಡ್ಡ ಬಿಟಗೊಂಡು ನಿಂತಿರ್ತಾನಲ್ಲ, ಅಂವ."

ಆ ನಾವಿಕನ ಗೋರಿ ಲಿಸ್ಬನ್ನಿನ ಹಳೇ ಮಠವೊಂದರ ಚರ್ಚಿನೊಳಗೆ ಇದೆಯಂತೆ. ಅತ್ತೆಗೆ ಅದು ಮೊದಲಿನಿಂದಲೂ ಗೊತ್ತು. ಆದರೂ ಪ್ಯಾರಿಸ್ ಬಿಟ್ಟು ಗೋರಿ ನೋಡೋಕೆ ಯಾಕೆ ಹೋಗಬೇಕು ಅಂತ ನಾನು ಮೆಲ್ಲಗೆ ಕೇಳಿದೆ.

"ಯಾಕಂದ್ರ, ಸಣ್ಣಾಕಿದ್ದಾಗ ಆ ಇಸವಿ ಬರಲಿಲ್ಲಂತ ನಾ ಬೆಂಚಿನ ಮ್ಯಾಲೆ ನಿಂತೀನಿ. ಟೀಚರ್ ಆದಮ್ಯಾಲೆ ಅದ ಇಸವಿಗೆ ನನ್ನ ಕ್ಲಾಸಿನಾಗ ಎಷ್ಟು ಹುಡುಗರು ನಿಂತಾರೋ ದೇವರಿಗೇ ಗೊತ್ತು. ಇಷ್ಟು ಮಂದಿನ್ನ ನಿಲ್ಲಿಸಿದಾಂವ ತಾನು ಹ್ಯಾಂಗ ಆರಾಮ ಮಲಗ್ಯಾನ, ಒಮ್ಮೆ ನೋಡಿ ಬರೂಣು!"

೨. ಪರಿಚಯದವರು

ಅಮೆರಿಕದ ಪಾಸ್‌ಪೋರ್ಟಿದ್ದ ನಮ್ಮ ಮೂವರಿಗೂ ವೀಸಾ ಬೇಕಿರಲಿಲ್ಲ, ಅತ್ತೆಗೆ ಬೇಕಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ವೀಸಾ ಕಚೇರಿಗೆ ಹೋಗುವಾಗ ಕಾರಿನಲ್ಲಿ ನಾನು ದಾರಿಯುದ್ದಕ್ಕೂ ಹೇಳಿಕೊಟ್ಟೆ: "ಅತ್ತೆ, ಕೇಳಿದ್ದಕ್ಕಷ್ಟೇ ಉತ್ತರ. ಚಿಕ್ಕದಾಗಿ. ನಿಜ ಹೇಳಿ, ಸಾಕು."

ಅತ್ತೆ ಮೂರನ್ನೂ ಅಕ್ಷರಶಃ ಪಾಲಿಸಿದರು.

ಕೌಂಟರಿನಲ್ಲಿದ್ದ ಹೆಂಗಸು ಬಹಳ ಮರ್ಯಾದೆಯಿಂದ ಕೇಳಿದಳು. ಪೋರ್ಚುಗಲ್ಲಿನಲ್ಲಿ ನಿಮಗೆ ಪರಿಚಯದವರು ಯಾರಾದರೂ ಇದ್ದಾರಾ?

"ಯೆಸ್. ಒನ್ ಮ್ಯಾನ್."

ನಾನು ಕೆಮ್ಮಿದೆ. ಆಕೆ ಟೈಪ್ ಮಾಡಿಕೊಂಡಳು. ಎಷ್ಟು ವರ್ಷದಿಂದ ಪರಿಚಯ?

"ಥರ್ಟಿ ಇಯರ್ಸ್. ಡೈಲಿ."

ಅವರ ವಿಳಾಸ?

"ಚರ್ಚ್."

ಓ, ಪಾದ್ರಿಗಳಾ?

"ನೋ. ಸೇಲರ್."

ಆಕೆಯ ಬೆರಳು ಸ್ವಲ್ಪ ನಿಧಾನವಾಯಿತು. ನೀವು ಅಲ್ಲಿರುವಷ್ಟು ದಿನ ಅವರೇ ನಿಮ್ಮನ್ನು ನೋಡಿಕೊಳ್ಳುತ್ತಾರಾ?

"ನೋ, ನೋ. ಐ ವಿಲ್ ಸೀ ಹಿಮ್. ಹೀ ಕೆನಾಟ್ ಸೀ ಮೀ. ಹೀ ಈಸ್ ಡೆಡ್. ಫೈವ್ ಹಂಡ್ರೆಡ್ ಇಯರ್ಸ್."

ಆಕೆ ಕೀಬೋರ್ಡಿನಿಂದ ಎರಡೂ ಕೈ ತೆಗೆದು ನನ್ನನ್ನು ನೋಡಿದಳು. ನಾನು ಬೆಂಚು, ಇಸವಿ, ಕಲ್ಲಿಕೋಟೆ ಎಲ್ಲಾ ವಿವರಿಸಿದೆ. ಆಕೆ ಟಿಶ್ಯೂ ತಗೊಂಡು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಆಮೇಲೆ ಪರಿಚಯದವರ ಜಾಗದಲ್ಲಿ "ಯಾರೂ ಇಲ್ಲ" ಅಂತ ತುಂಬಿ, ಕಾಗದಪತ್ರ ತಗೊಂಡಳು. ವೀಸಾ ಬಂತು.

ಕಾರಿಗೆ ವಾಪಸ್ ಬರುವಾಗ ಅತ್ತೆಯ ಮುಖ ಮಾತ್ರ ಸಪ್ಪಗಿತ್ತು.

"ಯಾರೂ ಇಲ್ಲಂತ ಬರದ್ಲಲ್ರೀ ಆಕಿ. ಸಾಲಿಯೊಳಗ ಇತಿಹಾಸ ಓದಿಲ್ಲ ಕಾಣಸ್ತದ."

೩. ಪ್ರಾಕ್ಟೀಸು

ಲಿಸ್ಬನ್ ಅಂದರೆ ಗುಡ್ಡ, ಗುಡ್ಡದ ಮೇಲೆ ಗುಡ್ಡ. ಅವ್ವನ ಮಂಡಿಗೆ ಇದಾಗುತ್ತಾ ಅಂತ ಹೆಂಡತಿಗೆ ಚಿಂತೆ. "ಶನಿವಾರ ಸ್ಯಾನ್ ಫ್ರಾನ್ಸಿಸ್ಕೋಗೆ ಕರಕೊಂಡು ಹೋಗಿ ಒಂದು ಏರು ಹತ್ತಿಸಿ ನೋಡ್ರಿ. ಹತ್ತಿದ್ರ ಹೋಗೂಣು, ಇಲ್ಲಂದ್ರ ಕ್ಯಾನ್ಸಲ್" ಅಂದಳು. ತಾನು ಮಗಳ ಈಜಿನ ಕ್ಲಾಸಿಗೆ ಹೋಗಬೇಕು ಅಂತ ಜಾರಿಕೊಂಡಳು.

ಅತ್ತೆ ಇಳಕಲ್ ಸೀರೆ ಉಟ್ಟು, ಮೊಮ್ಮಗಳ ಹಳೇ ಸ್ಪೋರ್ಟ್ಸ್ ಶೂ ಹಾಕಿಕೊಂಡರು. ರೈಲಿನಲ್ಲಿ ಹೋಗಿ, ಬಸ್ಸು ಹಿಡಿದು, ಫುಟ್‌ಪಾತನ್ನೇ ಮೆಟ್ಟಿಲು ಮಾಡಿರುವಷ್ಟು ಕಡಿದಾದ ಒಂದು ರಸ್ತೆಯ ಬುಡದಲ್ಲಿ ನಿಂತೆವು. "ನಿಧಾನಕ್ಕೆ ಅತ್ತೆ, ಅವಸರ ಇಲ್ಲ, ನಾನಿದ್ದೀನಿ" ಅಂದೆ.

ಮೊದಲ ಐವತ್ತು ಮೆಟ್ಟಿಲು ನಾನು ಅವರ ಹಿಂದೆಯೇ, ಬಿದ್ದರೆ ಹಿಡಿಯೋಕೆ ಅಂತ ಇದ್ದೆ. ಆಮೇಲೂ ಹಿಂದೆಯೇ ಇದ್ದೆ, ಆದರೆ ಕಾರಣ ಬೇರೆ. ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತು ಮೀಟಿಂಗು ಮಾಡಿದ ದೇಹ ನನ್ನದು. ಅರ್ಧಕ್ಕೆ ಬರುವಷ್ಟರಲ್ಲಿ ಎದೆಯೊಳಗೆ ಯಾರೋ ಒನಕೆ ಕುಟ್ಟುತ್ತಿದ್ದರು. ಯಾರದೋ ಮನೆಯ ಮುಂದಿನ ಮೆಟ್ಟಿಲಿನ ಮೇಲೆ ತಲೆ ತಗ್ಗಿಸಿ ಕೂತುಬಿಟ್ಟೆ. ನಾಯಿ ಹಿಡಿದುಕೊಂಡು ಬಂದ ಒಬ್ಬರು ನಿಂತು, ಆಂಬ್ಯುಲೆನ್ಸ್ ಕರೆಯಲಾ ಅಂತ ಕೇಳಿದರು. ನಾಯಿ ನನ್ನ ಕಿವಿ ನೆಕ್ಕಿತು.

ಅತ್ತೆ ಅಷ್ಟೊತ್ತಿಗೆ ತುದಿ ಮುಟ್ಟಿ, ಸಮುದ್ರ ನೋಡಿ, ವಾಪಸ್ ಇಳಿದು ಬಂದರು. ನನ್ನ ಜೇಬಿನಿಂದ ಫೋನು ತೆಗೆದು ತಮ್ಮ ಮಗಳಿಗೆ ಹಚ್ಚಿದರು.

"ನಂದೇನಿಲ್ಲವಾ, ನಾ ಬರ್ತೀನಿ ಲಿಸ್ಬನ್ನಿಗೆ. ಇವರನ್ನ ಕರಕೊಂಡು ಹೋಗೋದು ಬ್ಯಾಡೇನೋ, ವಿಚಾರ ಮಾಡು."

೪. ಅದೇ ಬ್ರಿಡ್ಜು

ನನ್ನನ್ನೂ ಕರೆದುಕೊಂಡು ಹೋದರು.

ಮೊದಲ ದಿನ ಬೆಳಿಗ್ಗೆ ಎಲ್ಲರನ್ನೂ ಹುರುಪಿನಿಂದ ನದಿಯ ದಂಡೆಗೆ ಕರೆತಂದೆ. "ಈಗ ನೋಡಿ, ಯುರೋಪಿನ ಒಂದು ಅದ್ಭುತ" ಅಂದೆ. ಎದುರಿಗೆ ನೀರು, ನೀರಿನ ಮೇಲೆ ತೆಳ್ಳಗೆ ಮಂಜು, ಮಂಜಿನ ನಡುವೆ ಎರಡು ಕಂಬಗಳ ಕೆಂಪು ತೂಗುಸೇತುವೆ. ಗಂಟೆಗಟ್ಟಲೆ ವಿಮಾನದಲ್ಲಿ ಕೂತು ಬಂದ ಮೂವರೂ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು.

ಮಗಳು ಮೊದಲು ಬಾಯಿಬಿಟ್ಟಳು. "ಅಪ್ಪಾ, ದಟ್ಸ್ ಅವರ್ ಬ್ರಿಡ್ಜ್."

ಹೌದು. ನಮ್ಮ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯ ತಂಗಿಯ ಹಾಗೇ ಇದೆ. ಬೆನ್ನ ಹಿಂದೆ ಅಲ್ಲಿನ ಹಾಗೇ ಗುಡ್ಡದ ರಸ್ತೆ, ರಸ್ತೆಯ ಮೇಲೆ ಟಣ್ ಟಣ್ ಅನ್ನುವ ಪುಟ್ಟ ಟ್ರಾಮು. ಹೆಂಡತಿ ನಿಟ್ಟುಸಿರು ಬಿಟ್ಟು, "ಪ್ಯಾರಿಸ್‌ನ್ಯಾಗ ಇದಿರ್ತಿರಲಿಲ್ಲ" ಅಂದಳು. ನಾನು ಸೋಲದೆ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆದು, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ ನಮ್ಮ ಕನ್ನಡ ಗೆಳೆಯರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. "ಕೊನೆಗೂ ಯುರೋಪ್!" ಅಂತ ಬರೆದೆ.

ಮೊದಲ ಉತ್ತರ ಹಾಸನದ ಗೆಳೆಯನದು. "ಪಾಪ, ಟ್ರಿಪ್ ಕ್ಯಾನ್ಸಲ್ ಆಯ್ತೇನೋ? ಪಾರ್ಕಿಂಗ್ ಸಿಕ್ತಾ?"

೫. ಚಾವಿ

ನಾವು ಇಳಿದುಕೊಂಡಿದ್ದು ಹಳೇ ಬಡಾವಣೆಯ ಇಕ್ಕಟ್ಟು ಗಲ್ಲಿಯಲ್ಲಿದ್ದ ಮನೆ. ಮೇಲೆ ನಾವು, ಕೆಳಗೆ ಮನೆಯೊಡತಿ. ಎಪ್ಪತ್ತು ದಾಟಿದ ಆಕೆಗೆ ಇಂಗ್ಲಿಷಿನ ಒಂದು ಪದವೂ ಬಾರದು. ನಾನು ಹೆದರಲಿಲ್ಲ, ಅನುವಾದ ಮಾಡುವ ಆ್ಯಪು ಫೋನಿನಲ್ಲಿತ್ತು.

ಎರಡನೇ ದಿನ ಹೆಂಡತಿ ಮಗಳು ಅಂಗಡಿ ನೋಡೋಕೆ ಹೋದರು. ನಾನು, ಅತ್ತೆ ಕೋಟೆ ನೋಡಿಕೊಂಡು ವಾಪಸ್ ಬಂದರೆ ಬಾಗಿಲಿಗೆ ಬೀಗ. ಕೀ ಹೆಂಡತಿಯ ಬ್ಯಾಗಿನಲ್ಲಿ. ನನ್ನ ಫೋನು ಕೋಟೆಯ ಮೇಲಿನ ನವಿಲುಗಳ ವಿಡಿಯೋ ಮಾಡಿ ಮಾಡಿ ಸತ್ತಿತ್ತು. ಒಡತಿಯ ಬಾಗಿಲು ತಟ್ಟಿ, ಇನ್ನೊಂದು ಕೀ ಬೇಕು ಅಂತ ಕೈಯಲ್ಲಿ ತಿರುಗಿಸಿ ತೋರಿಸಿದೆ. ಆಕೆ ತಲೆಯಾಡಿಸಿ ಒಳಗೆ ಹೋಗಿ ಕಾಫಿ ಬೀಜ ಪುಡಿಮಾಡುವ ಯಂತ್ರ ತಂದುಕೊಟ್ಟಳು. ನಾನು ಅಲ್ಲ ಅಂತ ಇನ್ನೂ ಜೋರಾಗಿ ತಿರುಗಿಸಿದೆ. ಸ್ಕ್ರೂಡ್ರೈವರ್ ಬಂತು.

ಮೆಟ್ಟಿಲ ಮೇಲೆ ಕೂತಿದ್ದ ಅತ್ತೆಗೆ ಬೇಜಾರಾಯಿತು. "ಏನ್ ಕೇಳ್ತೀರಿ ಆಕಿಗೆ?"

"ಕೀ ಅತ್ತೆ, ಕೀ!"

"ಚಾವಿ ಅನ್ರಲಾ. ಕುಣೀತೀರಿ ಯಾಕ?"

ಒಡತಿಯ ಮುಖ ಅರಳಿತು. "ಶಾವ್! ಶಾವ್!" ಅಂತ ಓಡಿಹೋಗಿ ಕೀ ತಂದಳು.

ಅವತ್ತಿನಿಂದ ಇಬ್ಬರೂ ಜೋಡಿ. ಅತ್ತೆ ಸಾಬಾಣ ಅಂದರೆ ಸಾಬೂನು ಬರುತ್ತಿತ್ತು. ಟುವಾಲ ಅಂದರೆ ಟವೆಲು. ಬಟಾಟಿ ಅಂದ ದಿನ ಒಂದು ಬುಟ್ಟಿ ಆಲೂಗಡ್ಡೆಯೇ ಬಂತು, ಅತ್ತೆ ಅದರ ಪಲ್ಯ ಮಾಡಿ ಅರ್ಧ ಕೆಳಗೆ ಕಳಿಸಿದರು. ಗೋವಾದಲ್ಲಿ ನಾನೂರೈವತ್ತು ವರ್ಷ ಇದ್ದ ಪೋರ್ಚುಗೀಸರು ಬಿಟ್ಟುಹೋದ ಪದಗಳು ಪಕ್ಕದ ಧಾರವಾಡಕ್ಕೂ ಬಂದು ಸೇರಿಕೊಂಡಿದ್ದವು, ಅಷ್ಟೇ.

ಮಗಳಿಗೆ ಮಾತ್ರ ತಡೆಯಲಾರದ ಆಶ್ಚರ್ಯ. "ಅಜ್ಜೀ, ಯೂ ಸ್ಪೀಕ್ ಪೋರ್ಚುಗೀಸ್?"

"ನಾ ಯಾಕ ಮಾತಾಡ್ಲಿ, ಪುಟ್ಟೀ?" ಅಂದರು ಅತ್ತೆ. "ಆಕಿನ ಕನ್ನಡ ಮಾತಾಡ್ತಾಳ. ಉಚ್ಚಾರ ಒಂದೀಟು ತಿದ್ದಬೇಕು."

೬. ತತ್ತಿ

ಲಿಸ್ಬನ್ನಿಗೆ ಹೋದವರು ತಿನ್ನಲೇಬೇಕಾದ ಒಂದು ತಿಂಡಿ ಇದೆ. ಅಂಗೈಯಗಲದ ಗರಿಗರಿ ಬಟ್ಟಲು, ಒಳಗೆ ಹಳದಿ ಕೆನೆ, ಮೇಲೆ ಕಂದು ಕಂದು ಚುಕ್ಕೆ, ದಾಲ್ಚಿನ್ನಿ ಪುಡಿ. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಎಂಟು ತಂದೆ. ಘಮ ಅಂದರೆ ಘಮ.

ಅತ್ತೆ ಒಂದನ್ನು ಮೂಗಿನ ಹತ್ತಿರ ತಂದು ನಿಲ್ಲಿಸಿದರು. "ಇದರಾಗ ತತ್ತಿ ಅದ ಏನ್ರೀ?"

ಇರೋದೇ ಮೊಟ್ಟೆ. ಹೇಳಿದೆ.

"ಹಂಗಾರ ನಾ ಒಲ್ಲೆ. ನೀವೂ ತಿನ್ನೂದಿಲ್ಲಲ್ಲ, ಪಾಪ. ಇಷ್ಟೊತ್ತು ನಿಂತಿದ್ದು ದಂಡ ಆತು."

ಇಲ್ಲಿ ಒಂದು ವಿಷಯ ಹೇಳಬೇಕು. ಮದುವೆ ಮಾತುಕತೆಯ ದಿನ, ಹುಡುಗ ಮೊಟ್ಟೆ ಕೂಡ ಮುಟ್ಟಲ್ಲ ಅಂತ ನಮ್ಮಪ್ಪ ಉತ್ಸಾಹದಲ್ಲಿ ಹೇಳಿಬಿಟ್ಟಿದ್ದರು. ಅವತ್ತಿನಿಂದ ಅತ್ತೆಯ ಎದುರಿಗೆ ನಾನು ಮೊಟ್ಟೆ ಮುಟ್ಟದವನು. ಅಂಥವನ ಮುಂದೆ ಬಿಸಿಬಿಸಿಯಾಗಿ ಎಂಟು ಕೂತಿದ್ದವು. "ಹೌದು ಅತ್ತೆ, ನನಗೂ ಆಗಲ್ಲ" ಅಂದೆ. ಕಣ್ಣು ಮಾತ್ರ ತಟ್ಟೆಯ ಮೇಲೇ ಇತ್ತು.

ಮಗಳು ಮೂರನೆಯದನ್ನು ಮುಗಿಸುತ್ತಾ ತಲೆಯೆತ್ತಿದಳು. "ಬಟ್ ಅಪ್ಪಾ, ಯೂ ಈಟ್ ಆಮ್ಲೆಟ್ ಎವ್ರಿ ಸಂಡೇ!"

ಹೆಂಡತಿ ದೂರದ ಗೋಪುರವನ್ನು ತುಂಬಾ ಆಸಕ್ತಿಯಿಂದ ನೋಡತೊಡಗಿದಳು. ನಾನು ನೆಲ ನೋಡಿದೆ. ಅತ್ತೆ ಒಂಚೂರೂ ಗಾಬರಿಯಾಗದೆ ತಟ್ಟೆಯನ್ನು ನನ್ನ ಕಡೆ ಸರಿಸಿದರು.

"ತಿನ್ರಿ, ಆರ್ತಾವ. ಧಾರವಾಡಕ್ಕ ಬಂದಾಗೊಮ್ಮೆ ಸಂಜಿಗೆ 'ಅಡ್ಡಾಡಿ ಬರ್ತೀನಿ' ಅಂತ ಹೋಗ್ತಿದ್ರಲ್ಲ, ಸರ್ಕಲ್ಲಿನ ಆಮ್ಲೆಟ್ ಗಾಡಿಯಾಂವ ನನ್ನ ಶಿಷ್ಯ. 'ಟೀಚರ್, ಅಳಿಯಂದ್ರು ಇವತ್ತ ಎರಡು ತಿಂದ್ರು, ಖಾರ ಕಡಿಮಿ' ಅಂತ ಮರುದಿನಾನ ವರದಿ ಒಪ್ಪಿಸ್ತಿದ್ದ."

೭. ಮಠದಲ್ಲಿ

ಇಷ್ಟೆಲ್ಲ ಆಗಿ, ಬಂದ ಮುಖ್ಯ ಕೆಲಸ ಮಾತ್ರ ಆಗಿರಲಿಲ್ಲ. ದೊಡ್ಡದನ್ನು ಕೊನೆಗಿಡೋಣ ಅಂತ ನಾನೇ ಆ ಮಠವನ್ನು ಕೊನೆಯ ಪೂರ್ತಿ ದಿನಕ್ಕೆ ಹಾಕಿದ್ದೆ. ಅತ್ತೆ ಅವತ್ತು ಬೆಳಿಗ್ಗೆಯೇ ತಲೆಸ್ನಾನ ಮಾಡಿ, ಹೊಸ ಸೀರೆ ಉಟ್ಟು ತಯಾರಾಗಿದ್ದರು. ಶಾಲೆಗೆ ಇನ್‌ಸ್ಪೆಕ್ಟರ್ ಬರುವ ದಿನ ಹೀಗೆ ಉಡುತ್ತಿದ್ದರಂತೆ.

ಹೋಗಿ ನೋಡಿದರೆ ಇಷ್ಟೆತ್ತರದ ಬಾಗಿಲು ಮುಚ್ಚಿದೆ. ಸೋಮವಾರ ರಜ. ಸ್ಪ್ರೆಡ್‌ಶೀಟಿನಲ್ಲಿ ಎಲ್ಲಾ ಬಣ್ಣ ಇತ್ತು, ವಾರದ ರಜ ಒಂದು ಇರಲಿಲ್ಲ.

ಅತ್ತೆ ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ. ಮುಚ್ಚಿದ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿ, "ಇರ್ಲಿ ಬಿಡ್ರಿ, ಹೊರಗಿಂದರ ನೋಡಿದ್ನಲ್ಲ" ಅಂದರು. ಆ ಧ್ವನಿ ಕೇಳಿ ನನಗೆ ಅನ್ನ ಇಳಿಯಲಿಲ್ಲ.

ಮಂಗಳವಾರ ಮಧ್ಯಾಹ್ನ ವಿಮಾನ. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಸೂಟ್‌ಕೇಸುಗಳ ಸಮೇತ ಎಲ್ಲರನ್ನೂ ಟ್ಯಾಕ್ಸಿಗೆ ತುಂಬಿ ಮಠದ ಮುಂದೆ ಇಳಿಸಿದೆ. ಹೆಂಡತಿ, ಮಗಳು ಎದುರಿನ ಪಾರ್ಕಿನಲ್ಲಿ ಸಾಮಾನು ಕಾಯುತ್ತಾ ಕೂತರು. "ಅರ್ಧ ಗಂಟೆ. ಅದಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ" ಅಂದಳು ಹೆಂಡತಿ. ನಾನು, ಅತ್ತೆ ಸಾಲಿನಲ್ಲಿ ಓಡಿಹೋಗಿ ನಿಂತೆವು.

ಒಳಗೆ ಕತ್ತಲು, ತಂಪು, ಮರದ ಕೊಂಬೆಗಳ ಹಾಗೆ ಮೇಲೇರಿದ ಕಲ್ಲಿನ ಕಂಬಗಳು. ಬಾಗಿಲಿನ ಹತ್ತಿರದಲ್ಲೇ ಅವನ ಗೋರಿ. ಅದರ ಮೇಲೆ ಅವನದೇ ಬಿಳೀ ಕಲ್ಲಿನ ಮೂರ್ತಿ, ಮಲಗಿ, ಎದೆಯ ಮೇಲೆ ಎರಡೂ ಕೈ ಜೋಡಿಸಿಕೊಂಡಿದೆ. ಅತ್ತೆ ಹಗ್ಗದ ಈಚೆ ನಿಂತು ಬಹಳ ಹೊತ್ತು ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು. "ನನ್ನ ಹುಡುಗರಿಗೆಲ್ಲಾ ತೋರಿಸಬೇಕಿತ್ರೀ" ಅಂದರು.

ಆಮೇಲೆ ಮುಖ ಗೆಲುವಾಯಿತು. "ನೋಡ್ರಿ ಅಳಿಯಂದ್ರ, ಹ್ಯಾಂಗ ಕೈ ಮುಗದಾನ. 'ತಪ್ಪಾತ್ರೀ ಟೀಚರ್, ಎಲ್ಲಾರೂ ಕೂಡ್ರಿ' ಅಂದಂಗ!"

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಪಕ್ಕದಲ್ಲಿ ಇಪ್ಪತ್ತು ಜನ ಪ್ರವಾಸಿಗಳ ಗುಂಪಿಗೆ ಅದೇ ಗೋರಿಯ ಬಗ್ಗೆ ಹೇಳುತ್ತಿದ್ದ ಗೈಡು ತಿರುಗಿದಳು. ಹಳದಿ ಛತ್ರಿ ಹಿಡಿದ ಲಿಸ್ಬನ್ನಿನ ಹೆಂಗಸು, ನಗುಮುಖದವಳು. ಏನಂದರು ಇವರು ಅಂತ ಕೇಳಿದಳು. ಅನುವಾದ ಮಾಡಿದೆ. ಆಕೆಯೂ ನಕ್ಕು, ಸ್ವಲ್ಪ ರೋಷದಿಂದಲೇ ಅಂದಳು, "ನಾವು ಅವರ ಕಾಳುಮೆಣಸು ತಗೊಂಡು ಬಂದೆವು ನಿಜ. ಆದರೆ ಕೊಟ್ಟಿದ್ದೂ ಇದೆ ಅಂತ ಹೇಳಿ. ಅವರ ದೇಶಕ್ಕೆ ಮೆಣಸಿನಕಾಯಿ ತಂದವರೇ ನಾವು. ಅದಕ್ಕೆ ಮುಂಚೆ ಅಲ್ಲಿ ಅದು ಇರಲೇ ಇಲ್ಲ."

ಇದನ್ನು ನಾನು ಅನುವಾದ ಮಾಡಬಾರದಿತ್ತು. ಯಾಕೆಂದರೆ ಅತ್ತೆಯ ತವರು ಬ್ಯಾಡಗಿ.

"ಏನಂದ್ಲು? ಮೆಣಸಿನಕಾಯಿ? ಇವರು ತಂದಿದ್ದು?" ಅತ್ತೆಯ ಕಣ್ಣು ದೊಡ್ಡವಾದವು. "ಆಧಾರ ಏನದ ಕೇಳ್ರಿ."

ಗೈಡು ಹೇಳಿದಳು: ಗಿಡ ಅಮೆರಿಕ ಖಂಡದ್ದು, ಹಡಗಿನಲ್ಲಿ ಗೋವಾಕ್ಕೆ ಬಂತು, ಅಲ್ಲಿಂದ ಒಳನಾಡಿಗೆ ಹೋಯಿತು. ನಾನು ಫೋನಿನಲ್ಲಿ ಹುಡುಕಿ ನೋಡಿದೆ. ಹೌದು ಅತ್ತೆ, ನಿಜ ಅಂದೆ. ಅತ್ತೆ ಫೋನು ಇಸಿದುಕೊಂಡು ತಾವೇ ಓದಿದರು. ಎಷ್ಟಾದರೂ ಇತಿಹಾಸದ ಟೀಚರು. ಆಧಾರ ಇದ್ದ ಮೇಲೆ ಒಪ್ಪಲೇಬೇಕು.

"ಆತು, ಒಪ್ಪಿದೆ. ಹಂಗಾರ ಆಕಿನ್ನ ಹೊರಗ ಕರೀರಿ."

ಮಠದ ಹೊರಗಿನ ಕಟ್ಟೆಯ ಮೇಲೆ ಅತ್ತೆ ಕೂತು ಕೈಚೀಲ ಬಿಚ್ಚಿದರು. ವಿಮಾನ ಹತ್ತುವ ಮುಂಚೆ ತಿನ್ನೋಕೆ ಅಂತ ಚಪಾತಿ ಕಟ್ಟಿದ್ದರು, ಜೊತೆಗೆ ಒಂದು ಪುಟ್ಟ ಸ್ಟೀಲ್ ಡಬ್ಬಿ. ಡಬ್ಬಿಯಲ್ಲಿ ರಂಜಕ. ಹಣ್ಣು ಮೆಣಸಿನಕಾಯಿ ರುಬ್ಬಿ ಮಾಡಿದ ಧಾರವಾಡದ ಕೆಂಪು ಚಟ್ನಿ. ಗೈಡು, ಆಕೆಯ ಹಿಂದೆ ಇಪ್ಪತ್ತು ಜನ ಪ್ರವಾಸಿಗಳು ಸುತ್ತ ನಿಂತರು. ಅತ್ತೆ ಚಪಾತಿಯ ತುಂಡಿಗೆ ಸವರಿ ಮೊದಲು ಗೈಡಿಗೆ ಕೊಟ್ಟರು.

ಬೇಡ, ಸ್ವಲ್ಪ ಸಾಕು ಅಂತ ನಾನು ಎಚ್ಚರಿಸಿದೆ. ಆಕೆ, "ನಮ್ಮದೇ ಮೆಣಸಿನಕಾಯಿ ಅಲ್ಲವೇ" ಅಂತ ನಕ್ಕು ಇಡೀ ತುಂಡು ಬಾಯಿಗೆ ಹಾಕಿಕೊಂಡಳು.

ಒಂದು ಕ್ಷಣ ಏನೂ ಆಗಲಿಲ್ಲ. ಎರಡನೇ ಕ್ಷಣಕ್ಕೆ ಕುತ್ತಿಗೆ ಕೆಂಪಾಯಿತು. ಆಮೇಲೆ ಕೆನ್ನೆ, ಆಮೇಲೆ ಕಿವಿ. ಛತ್ರಿ ಕೈಯಿಂದ ಜಾರಿತು. ಎರಡೂ ಕಣ್ಣಿನಲ್ಲಿ ಧಾರಾಕಾರ ನೀರು. ಪ್ರವಾಸಿಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಗುಂಪಿನ ಒಬ್ಬ ಅಜ್ಜ ತನ್ನ ನೀರಿನ ಬಾಟಲಿ ಕೊಟ್ಟ. ಅತ್ತೆ ಅದನ್ನು ತಡೆದು, ಕೈಚೀಲದಿಂದ ಒಂದು ಚೂರು ಬೆಲ್ಲ ತೆಗೆದು ಆಕೆಯ ಅಂಗೈಗಿಟ್ಟು ಬೆನ್ನು ಸವರಿದರು. ಸವರುತ್ತಲೇ, ಪಾಠ ಮುಗಿಸುವ ಗಂಭೀರ ಧ್ವನಿಯಲ್ಲಿ ಹೇಳಿದರು:

"ಅಳಿಯಂದ್ರ, ಆಕಿಗೆ ಹೇಳ್ರಿ. ಕಾಯಿ ಇವರು ತಂದಿರಬಹುದು. ಖಾರ ಮಾತ್ರ ನಮ್ಮದು."

ನಾನು ಇಂಗ್ಲಿಷಿಗೆ ತರೋಕೆ ಬಾಯಿ ತೆರೆದೆ. ಗೈಡು ಮಾತಾಡಲಾರದೆ ಒಂದು ಕೈಯೆತ್ತಿ ನನ್ನನ್ನು ತಡೆದಳು. ಇನ್ನೊಂದು ಕೈಯಿಂದ ಕಣ್ಣೊರೆಸಿಕೊಂಡು, ಬೆಲ್ಲ ನುಂಗಿ, ಕೊನೆಗೂ ದನಿ ಹೊರಡಿಸಿದಳು:

"ಅನುವಾದ ಬೇಡ. ಪೂರ್ತಿ ಅರ್ಥವಾಯಿತು."